ಯಾವ ಕ್ರಮದಲ್ಲಾದರೂ ಸರಿ

ನೀರು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಸವೆಸಿದ ಹಿರಿಯ ಪರೀಕ್ಷಕನಿಗೆ ಮುಖ್ಯಸ್ಥನ ಕುರ್ಚಿ ಸಿಗಲಿಲ್ಲ. ಸಿಕ್ಕಿದ್ದು ಅವನ ನಾದಿನಿಗೆ. ಅವಳನ್ನು ಶಿಫಾರಸು ಮಾಡಿ ಕೆಲಸಕ್ಕೆ ಸೇರಿಸಿದ ಪುಣ್ಯಾತ್ಮನೂ ಅವನೇ! ತಂಗಿಯ ಬಡ್ತಿಯನ್ನು ಬೀದಿಗೆಲ್ಲ ಸಾರಿ ಬಂದ ಹೆಂಡತಿ, "ನೀವೂ ಸ್ವಲ್ಪ ನಗ್ರೀ," ಅಂದಳು. ಅವನು ನಕ್ಕ. ಹೊಟ್ಟೆ ಧಗಧಗ ಉರಿಯುತ್ತಿತ್ತು. ನಾದಿನಿಯನ್ನು ಆ ಕುರ್ಚಿಯಿಂದ ಇಳಿಸಿಯೇ ಸೈ ಎಂದು ಅವತ್ತೇ ತೀರ್ಮಾನಿಸಿದ.

ದಾರಿ ತೋರಿಸಿದ್ದು ಪ್ರಯೋಗಾಲಯದ ಕಂಪ್ಯೂಟರಿನ ಕೈಪಿಡಿ. ಪ್ರತಿ ಪರೀಕ್ಷೆಯ ಫಲಿತಾಂಶವೂ ಒಂದು ಫೈಲಾಗಿ, ಎಲ್ಲರೂ ತೆರೆಯಬಹುದಾದ ಒಂದೇ ಫೋಲ್ಡರಿಗೆ ಬೀಳುತ್ತಿತ್ತು. ಫೈಲಿನ ತಲೆಬರಹದಲ್ಲಿ ಐದು ಸಾಲು: ಯಾವ ಟ್ಯಾಂಕು, ಯಾವ ದಿನ, ಪರೀಕ್ಷಿಸಿದ್ದು ಯಾರು, ಯಾವ ಯಂತ್ರ, ನೀರಿನ ತಾಪಮಾನ. ಕೆಳಗೆ ಅಂಕಿಗಳು. ಕಂಪ್ಯೂಟರು ಪ್ರತಿ ಸಂಜೆ ಅದನ್ನೋದಿ ವರದಿಯನ್ನು ನೀರು ಸರಬರಾಜಿನವರಿಗೆ ತಾನೇ ಕಳಿಸುತ್ತಿತ್ತು. ತಲೆಬರಹದ ಸಾಲುಗಳು ಯಾವ ಕ್ರಮದಲ್ಲಿದ್ದರೂ ಸರಿಯಂತೆ, ಸಾಲಿನ ಹೆಸರು ನೋಡಿ ಆಯ್ದುಕೊಳ್ಳುತ್ತದಂತೆ. ಆಹಾ, ಎಂಥ ಉದಾರಿ! ರಜೆ ಚೀಟಿಯಲ್ಲಿ ದಿನಾಂಕ ಎಡಕ್ಕೆ ಬಿದ್ದರೆ ವಾಪಸು ಎಸೆಯುವ ಗುಮಾಸ್ತ ಈ ಕಂಪ್ಯೂಟರಿನ ಕಾಲು ತೊಳೆದು ನೀರು ಕುಡಿಯಬೇಕು.

ಸೋಮವಾರ ನಾದಿನಿ ಊರಿನ ದೊಡ್ಡ ಟ್ಯಾಂಕಿನ ನೀರು ಪರೀಕ್ಷಿಸಿದಳು. ಎಲ್ಲರೂ ಊಟಕ್ಕೆ ಹೋದಾಗ ಇವನು ಮೂಲೆಯ ಕಂಪ್ಯೂಟರಿನ ಮುಂದೆ ಕೂತ. ಕೈಗವಸು ಹಾಕಿದ್ದ; ಬೆರಳಚ್ಚು ಬಿಡಲು ಅವನೇನು ದಡ್ಡನೇ? ಅವಳ ಫೈಲು ಅಳಿಸಿ, ಅವಳ ಹೆಸರಿನಲ್ಲೇ ಹೊಸದೊಂದನ್ನು ಪಟಪಟನೆ ಟೈಪ್ ಮಾಡಿದ. ಅಂಕಿಗಳು ಯಾವುದೋ ಚರಂಡಿಯವು. ಹತ್ತು ನಿಮಿಷದ ಕೆಲಸ. ಆಮೇಲೆ ಹಸಿವಾಗಿ ಎರಡು ತಟ್ಟೆ ಊಟ ಹೊಡೆದ.

ಎರಡು ದಿನ ಊರಿನ ನಲ್ಲಿಗಳು ಬಂದ್. ಮೂರನೆಯ ದಿನ ಮತ್ತೆ ಪರೀಕ್ಷಿಸಿದರೆ ನೀರು ಶುದ್ಧ! ಊರೆಲ್ಲ ಛೀ ಥೂ ಎಂದಿತು, ವಿಚಾರಣಾಧಿಕಾರಿ ಬಂದರು.

"ಫೈಲು ನಿಮ್ಮದೇ ಅಲ್ವೇನಮ್ಮಾ?"

"ಹೆಸರು ನಂದೇ ಸರ್. ಫೈಲು ನಂದಲ್ಲ," ಎಂದಳು ನಾದಿನಿ.

ಇವನು ಮುಖ ಸಣ್ಣದು ಮಾಡಿಕೊಂಡ. "ಪಾಪ, ಕೆಲಸದ ಒತ್ತಡ ಸರ್. ನಮ್ಮನೆ ಹುಡುಗಿ, ನಾನು ಹೇಳಬಾರದು..."

ನಾದಿನಿ ಕಣ್ಣೊರೆಸಿಕೊಂಡು, ವರ್ಷದ ಫೈಲುಗಳನ್ನೆಲ್ಲ ಮುದ್ರಿಸಿ ಮೇಜಿನ ಮೇಲೆ ಹರಡಿದಳು. ಹೊಸ ಯಂತ್ರಗಳು ತಲೆಬರಹವನ್ನು ತಾವೇ ಬರೆಯುತ್ತವೆ. ಮೊದಲ ಸಾಲು ಯಾವತ್ತೂ ಟ್ಯಾಂಕಿನದು. ಅವಳ ಹೆಸರಿನ ಫೈಲುಗಳ ಪೈಕಿ ಇದೊಂದರಲ್ಲಿ ಮಾತ್ರ ಮೊದಲು ತಾಪಮಾನ. ತಲೆಬರಹವನ್ನು ಕೈಯಾರೆ ಟೈಪ್ ಮಾಡಬೇಕಾದ ಹಳೇ ಯಂತ್ರ ಅಲ್ಲಿ ಉಳಿದಿದ್ದದ್ದು ಒಂದೇ, ಅದರ ಮುಂದೆ ಕೂರುತ್ತಿದ್ದವನೂ ಒಬ್ಬನೇ. ಬಾಟಲಿ ತೆರೆದ ತಕ್ಷಣ ಥರ್ಮಾಮೀಟರು ಅದ್ದಿ, ಮರೆಯುವ ಮುಂಚೆ ಬರೆದಿಡುವುದು ಅವನ ಹದಿನೆಂಟು ವರ್ಷದ ಅಭ್ಯಾಸ. ಮೇಜಿನ ಮೇಲಿದ್ದ ಅವನ ಫೈಲುಗಳೆಲ್ಲ ತಾಪಮಾನದಿಂದಲೇ ಶುರು. ಅಧಿಕಾರಿ ಒಂದೊಂದೇ ಹಾಳೆ ತಿರುವಿ, ಕನ್ನಡಕ ತೆಗೆದು ಅವನನ್ನೇ ನೋಡಿದರು. "ಭಾವ," ಎಂದಳು ನಾದಿನಿ, "ಅಕ್ಕನಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?"