ಮತ್ತೆ ಸೊನ್ನೆಯಿಂದ

"ಫೋನ್ ತೆಗೀಬೇಡ ಅಮ್ಮಾ, ಪ್ಲೀಸ್!"

ಚಿನಕುರಳಿಯ ಬಲಗಾಲಿನಲ್ಲಿ ಕೆಂಪು ಪಟ್ಟಿಯ ಹೊಸ ಶೂ ಇತ್ತು. ಎಡಗಾಲಿನಲ್ಲಿ ಬರೀ ಸಾಕ್ಸ್. ಅಂಗಡಿಯವನು ಇನ್ನೊಂದು ಶೂ ಹಿಡಿದು ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಅಮ್ಮ ಶೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಅಷ್ಟರಲ್ಲಿ ಬ್ಯಾಗಿನೊಳಗಿಂದ ಫೋನು ಬಡಕೊಳ್ಳತೊಡಗಿತು.

"ಬೆರಳು ಮುಂದೆ ತಾಗ್ತಿದೆಯಾ?" ಎಂದು ಕೇಳುತ್ತಲೇ ಅಮ್ಮ ಫೋನನ್ನು ಕಿವಿಗಿಟ್ಟಳು.

"ಇಲ್ಲಮ್ಮಾ, ಸರಿಯಾಗಿದೆ."

ತಾಗುತ್ತಿತ್ತು. ಆದರೆ ಕೆಂಪು ಪಟ್ಟಿಯದ್ದು ಅದೊಂದೇ ಜೊತೆ ಉಳಿದಿತ್ತು. ಸೋಮವಾರ ಶಾಲೆಯಲ್ಲಿ ಓಟದ ಪಂದ್ಯ. ಹಳೆಯ ಶೂ ಮುಂದುಗಡೆ ಬಾಯಿ ಬಿಟ್ಟು ಆಗಲೇ ತಿಂಗಳಾಗಿತ್ತು.

"ಬಂದೆ. ಇಪ್ಪತ್ತು ನಿಮಿಷ," ಎಂದು ಅಮ್ಮ ಫೋನ್ ಇಟ್ಟಳು. ಅಂಗಡಿಯವನಿಗೆ, "ಸಾಯಂಕಾಲ ಬರ್ತೀವಿ, ತೆಗೆದಿಟ್ಟಿರಿ," ಎಂದಳು.

ಚಿನಕುರಳಿ ಮುಖ ಊದಿಸಿಕೊಂಡು ಹಳೆಯ ಶೂ ಹಾಕಿಕೊಂಡಳು. ದಾರಿಯುದ್ದಕ್ಕೂ ಮಾತಾಡಬಾರದು ಎಂದು ಶಪಥ ಮಾಡಿದಳು. ಶಪಥ ಮುಂದಿನ ತಿರುವಿನವರೆಗೆ ನಡೆಯಿತು. ತಾತ ಅವಳಿಗೆ ಆ ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ. ಅವಳ ಹೊಟ್ಟೆಯಲ್ಲಿ ಮಾತು ಅರೆಗಳಿಗೆಯೂ ನಿಲ್ಲುತ್ತಿರಲಿಲ್ಲ.

ಅಮ್ಮ ಡಾಕ್ಟರ್. ಆದರೆ ಸ್ಟೆತಾಸ್ಕೋಪ್ ಇಲ್ಲದ ಡಾಕ್ಟರ್. ಅವಳ ಬಳಿ ರೋಗಿಗಳು ಬರುವುದಿಲ್ಲ, ಅವರ ಮೈಯಿಂದ ತೆಗೆದ ಚಿಕ್ಕ ಚೂರುಗಳು ಬರುತ್ತವೆ. ಅವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಏನಾಗಿದೆ ಎಂದು ಹೇಳುವುದು ಅವಳ ಕೆಲಸ. ಜೊತೆಯ ಡಾಕ್ಟರ್ ಎರಡು ವಾರದಿಂದ ರಜೆಯಲ್ಲಿದ್ದರು. ಇಬ್ಬರ ಕೆಲಸ ಒಬ್ಬಳ ಹೆಗಲಿಗೆ ಬಿದ್ದು ಅಮ್ಮ ಸೋತು ಸುಣ್ಣವಾಗಿದ್ದಳು.

ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಲೈಡ್ ಮಾವ ಆಗಲೇ ಕೆಲಸ ಶುರು ಮಾಡಿದ್ದರು. ಗಾಜಿನ ಸ್ಲೈಡುಗಳನ್ನು ತಯಾರು ಮಾಡುವವರಾದ್ದರಿಂದ ಚಿನಕುರಳಿಗೆ ಅವರು ಸ್ಲೈಡ್ ಮಾವ. ಕಡಲೆಕಾಳಿನಷ್ಟು ದೊಡ್ಡ ಚೂರೊಂದನ್ನು ಅವರು ಕಲ್ಲಿನ ಹಾಗೆ ಹೆಪ್ಪುಗಟ್ಟಿಸಿ, ಮೆಷಿನ್ನಿನ ಬ್ಲೇಡಿನಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳುತ್ತಿದ್ದರು.

"ಇದೇನು ಮಾವಾ?"

"ಕಿಡ್ನಿ ಚೂರು ಕಣಮ್ಮಾ. ವಯಸ್ಸಾದ ಒಬ್ಬರು ಬೆಳಿಗ್ಗೆ ತೀರಿಕೊಂಡ್ರು. ಮನೆಯವರು ಅಳ್ತಾ ಅಳ್ತಾನೇ ದಾನಕ್ಕೆ ಒಪ್ಪಿದಾರೆ. ಅವರ ಕಣ್ಣು ಇಬ್ಬರಿಗೆ ಆಗುತ್ತೆ. ಕಿಡ್ನಿ ಆಗುತ್ತೋ ಇಲ್ವೋ, ಅಮ್ಮ ನೋಡಿ ಹೇಳ್ಬೇಕು."

"ಯಾರಿಗೆ ಹಾಕ್ತಾರೆ?"

"ಅದು ನಮಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಚೀಟಿ ಮೇಲೆ ಬರೀ ನಂಬರ್ ಇರುತ್ತೆ."

"ಯಾಕೆ? ಯಾಕೆ ಗೊತ್ತಾಗಬಾರ್ದು? ಕಿಡ್ನಿ ಹೇಗಿರುತ್ತೆ? ಅದಕ್ಕೆ ನೋವಾಗುತ್ತಾ?"

ಅಮ್ಮ ಕಣ್ಣುಜ್ಜಿಕೊಂಡಳು. "ಹೊರಗೆ ಬೆಂಚ್ ಮೇಲೆ ಕೂತಿರು ಕಂದಾ. ನಿನ್ನ ಬಾಯಿ ಮುಂದೆ ನನಗೆ ಲೆಕ್ಕ ನಿಲ್ಲಲ್ಲ."

ಹೊರಗಿನ ಉದ್ದನೆಯ ಬೆಂಚಿನಲ್ಲಿ ಅವಳದೇ ವಯಸ್ಸಿನ ಹುಡುಗಿಯೊಬ್ಬಳು ಅಪ್ಪನ ಪಕ್ಕ ಕೂತಿದ್ದಳು. ಎರಡು ಜಡೆ. ಕಾಲ ಬಳಿ ತುಂಬಿದ ಬ್ಯಾಗು. ಅಪ್ಪನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಕಣ್ಣು ಮಾತ್ರ ನಗುತ್ತಿತ್ತು.

"ಏನು ಪುಟ್ಟೀ, ನಿನ್ನ ಶೂ ಬಾಯಿ ಬಿಟ್ಟಿದೆಯಲ್ಲ," ಎಂದರು ಅವರು. "ಮಾತಾಡುತ್ತಾ?"

"ಇಲ್ಲ, ಮಾತೆಲ್ಲಾ ನಾನೇ ಆಡ್ತೀನಿ," ಎಂದಳು ಚಿನಕುರಳಿ. ಮೂವರೂ ನಕ್ಕರು. ಅಲ್ಲಿಂದ ಮಾತಿಗೇನು ಬರ?

ಅವರು ಬಸ್ ಕಂಡಕ್ಟರ್ ಅಂತೆ. ಕಿಡ್ನಿ ಕೆಟ್ಟ ಮೇಲೆ ಬಸ್ಸಿನಲ್ಲಿ ನಿಲ್ಲಲಾಗದೆ ಡಿಪೋದಲ್ಲಿ ಕೂರುವ ಕೆಲಸ. ವಾರಕ್ಕೆ ಮೂರು ಸಲ ಮೆಷಿನ್ನಿಗೆ ಹಾಕಿ ರಕ್ತ ತೊಳೆಸಬೇಕಂತೆ. ದಿನವಿಡೀ ಕುಡಿಯುವುದಕ್ಕೆ ಒಂದು ಚಿಕ್ಕ ಬಾಟಲಿ ನೀರು, ಅಷ್ಟೇ.

"ಅದಕ್ಕೇ ನಾನೂ ಅಪ್ಪನ ಎದುರಿಗೆ ನೀರು ಕುಡಿಯಲ್ಲ," ಎಂದಳು ಎರಡು ಜಡೆಯವಳು ಮೆಲ್ಲಗೆ. "ಈ ಬ್ಯಾಗು ಯಾವಾಗ್ಲೂ ಬಾಗಿಲ ಹಿಂದೇನೇ ಇರುತ್ತೆ. ಇದು ಮೂರನೇ ಸಲ ಕರೆದಿರೋದು. ಎರಡು ಸಲ ವಾಪಸ್ ಹೋದ್ವಿ. ಈ ಸಲ ಆಗುತ್ತೆ. ಟೆಸ್ಟ್ ರಿಪೋರ್ಟ್ ಬಂದ್ರೆ ಸಾಕಂತೆ."

ಚಿನಕುರಳಿ ಥಟ್ಟನೆ ಲ್ಯಾಬಿನ ಬಾಗಿಲ ಕಡೆ ತಿರುಗಿದಳು. ಆ ಟೆಸ್ಟ್ ಮಾಡುತ್ತಿರುವುದು ನನ್ನಮ್ಮ! ಅಮ್ಮನಿಗೆ ಇದೆಲ್ಲ ಗೊತ್ತೇ ಇಲ್ಲವಲ್ಲ! ಅವಳು ಎದ್ದು ಒಳಗೆ ಓಡಿದಳು.

ಅಮ್ಮ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದಳು. ಎಡಗೈ ಪಕ್ಕದಲ್ಲಿ ಎರಡು ಗುಂಡಿಗಳ ಎಣಿಸುವ ಯಂತ್ರ. ಒಂದು ಗುಂಡಿ ಒತ್ತಿದರೆ ಟಿಕ್, ಇನ್ನೊಂದು ಒತ್ತಿದರೆ ಟಕ್. ಟಿಕ್, ಟಿಕ್, ಟಕ್, ಟಿಕ್...

"ಅಮ್ಮಾ! ಹೊರಗೆ ಒಬ್ಬಳಿದಾಳೆ, ನನ್ನಷ್ಟೇ! ಅವರಪ್ಪ ಕಂಡಕ್ಟರು. ಮೂರನೇ ಸಲ ಬಂದಿದಾರೆ, ನೀರೂ ಕುಡಿಯೋ ಹಾಗಿಲ್ಲ, ಈ ಕಿಡ್ನಿ ಅವರಿಗೇ..."

"ಏಯ್, ಸಾಕು!" ಸ್ಲೈಡ್ ಮಾವ ಕೈ ಅಡ್ಡ ಹಿಡಿದರು. ಆದರೆ ಆಡಿದ ಮಾತು ಒಡೆದ ಮುತ್ತು.

ಟಿಕ್ ಟಕ್ ನಿಂತಿತು. ಅಮ್ಮ ತಲೆ ಎತ್ತಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಚಿನಕುರಳಿಗೆ. ಅಮ್ಮ ಯಂತ್ರದ ಬದಿಯ ತಿರುಪು ತಿರುಗಿಸಿದಳು. ಅಂಕಿಗಳೆಲ್ಲ ಸೊನ್ನೆಯಾದವು.

"ಅಯ್ಯೋ, ಇಪ್ಪತ್ತಾರು ಆಗಿತ್ತಲ್ಲ ಡಾಕ್ಟ್ರೇ," ಎಂದರು ಸ್ಲೈಡ್ ಮಾವ.

"ಎಲ್ಲಿದ್ದೆ ಅನ್ನೋದೇ ತಪ್ಪಿಹೋಯ್ತು. ಅಲ್ಲದೆ ಈಗ ಆ ಮಗು ನನ್ನ ಕಣ್ಣಲ್ಲಿ ಕೂತುಬಿಟ್ಟಿದೆ. ಮುಖ ತೊಳ್ಕೊಂಡು ಬರ್ತೀನಿ. ಐಸಲ್ಲಿರೋ ಕಿಡ್ನಿ ನಮಗೋಸ್ಕರ ಕಾಯಲ್ಲ."

ಅಮ್ಮ ತಣ್ಣೀರಿನಲ್ಲಿ ಮುಖ ತೊಳೆದು ಬಂದು ಮತ್ತೆ ಕೂತಳು. ಚಿನಕುರಳಿ ಮೂಲೆಯ ಸ್ಟೂಲಿನಲ್ಲಿ ತುಟಿ ಹೊಲಿದವಳಂತೆ ಕುಳಿತಳು. ಸ್ಲೈಡ್ ಮಾವ ಬಗ್ಗಿ ಪಿಸುಗುಟ್ಟಿದರು. "ಕಿಡ್ನಿಯೊಳಗೆ ರಕ್ತ ಸೋಸೋ ಪುಟಾಣಿ ಉಂಡೆಗಳಿರುತ್ವೆ. ಚೆನ್ನಾಗಿರೋದಕ್ಕೆ ಟಿಕ್. ಮುಚ್ಚಿಹೋಗಿರೋದಕ್ಕೆ ಟಕ್."

ಟಿಕ್. ಟಿಕ್. ಟಿಕ್. ಚಿನಕುರಳಿ ಬೆರಳು ಮಡಿಸಿದಳು. ಟಕ್. ಹೋಗಲಿ, ಒಂದೇ ತಾನೇ. ಟಿಕ್. ಟಕ್. ಟಕ್. ಇನ್ನು ಬೇಡ, ಇನ್ನು ಬೇಡ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಟಕ್.

ಮುಗಿದಾಗ ಅಮ್ಮ ಸ್ಲೈಡನ್ನು ತಿರುಗಿಸಿಟ್ಟು, ಇನ್ನೊಂದು ತುದಿಯಿಂದ ಮತ್ತೆ ಸೊನ್ನೆಯಿಂದ ಎಣಿಸಿದಳು. ಎರಡು ಸಲವೂ ಒಂದೇ ಲೆಕ್ಕ ಬಂತು. ನಲವತ್ತು ಉಂಡೆ. ಹದಿಮೂರು ಮುಚ್ಚಿದ್ದವು.

"ಬಾ," ಎಂದು ಅಮ್ಮ ಕರೆದಳು.

ಮೈಕ್ರೋಸ್ಕೋಪಿನೊಳಗೆ ಎಲ್ಲ ಗುಲಾಬಿ ಬಣ್ಣ. ಒಂದು ಉಂಡೆ ಜಾಲರಿಯ ಹಾಗೆ ತೂತುತೂತಾಗಿತ್ತು. ಪಕ್ಕದ್ದು ಗಟ್ಟಿ, ನುಣ್ಣಗೆ.

"ಇದರಲ್ಲೂ ತೂತಿದೆ ಅಮ್ಮಾ! ಸಣ್ಣದು! ಇದು ಟಿಕ್ಕೇ!"

"ಇನ್ನೊಂದ್ಸಲ ನೋಡು."

ಅವಳು ಉಸಿರು ಬಿಗಿಹಿಡಿದು ನೋಡಿದಳು. ತೂತು ಇರಲಿಲ್ಲ.

"ಇರ್ಬೇಕು ಅಂತ ನಿನಗೆ ಆಸೆ. ಅದಕ್ಕೇ ಕಂಡ್ತು. ನಮ್ಮ ಕಣ್ಣೂ ಹಾಗೇನೇ. ಅದಕ್ಕೇ ನಾನು ಯಾರಿಗೆ ಅಂತ ಕೇಳಲ್ಲ."

"ಆದ್ರೆ ಇಪ್ಪತ್ತೇಳು ಚೆನ್ನಾಗಿದೆಯಲ್ಲಮ್ಮಾ? ಹಾಕಿಬಿಡಲಿ!"

"ಉಳಿದವೂ ಸುಸ್ತಾಗಿದಾವೆ ಕಣೇ. ರಕ್ತ ಬರೋ ನಾಳಗಳ ಗೋಡೇನೂ ದಪ್ಪ ಆಗಿದೆ. ಹೊಟ್ಟೆ ಕೊಯ್ದು ಹಾಕಿ, ಅದು ಕೈಕೊಟ್ರೆ? ಮತ್ತೆ ಮೆಷಿನ್ನು. ಮುಂದೆ ಬೇರೆ ಕಿಡ್ನಿ ಹೊಂದೋದೂ ಕಷ್ಟ ಆಗುತ್ತೆ." ಅಮ್ಮ ಫೋನ್ ಎತ್ತಿಕೊಂಡಳು. "ಬೇಕು ಬೇಡ ನಾನು ಹೇಳಲ್ಲ. ಕಂಡದ್ದನ್ನ ಕಂಡ ಹಾಗೆ ಸರ್ಜನ್‌ಗೆ ಹೇಳ್ತೀನಿ. ಅವರು ತೀರ್ಮಾನ ಮಾಡ್ತಾರೆ."

ಸರ್ಜನ್ ತುಂಬ ಪ್ರಶ್ನೆ ಕೇಳಿದರು. ಅಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ಆಮೇಲೆ ಸುಮ್ಮನೆ ಕೇಳಿಸಿಕೊಂಡಳು. ಫೋನ್ ಇಟ್ಟ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು.

"ಬೇಡ ಅಂದ್ರು," ಎಂದಳು.

ಅಮ್ಮ ಮಗಳು ಹೊರಡುವಾಗ ಸಂಜೆ ಐದಾಗಿತ್ತು. ಕಾರು ತರಲು ಅಮ್ಮ ಆಸ್ಪತ್ರೆಯ ಹಿಂಭಾಗಕ್ಕೆ ಹೋದಳು. ಗೇಟಿನ ಬಳಿ ಕಂಡಕ್ಟರ್ ಕಲ್ಲುಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಬ್ಯಾಗು ಈಗ ಎರಡು ಜಡೆಯವಳ ಹೆಗಲಿನಲ್ಲಿತ್ತು.

"ಬಂದ ದಾರಿಗೆ ಸುಂಕ ಇಲ್ಲ ಪುಟ್ಟೀ," ಎಂದು ಅವರು ನಕ್ಕರು. ಈ ಸಲ ಕಣ್ಣು ನಗಲಿಲ್ಲ.

ಎರಡು ಜಡೆಯವಳು ಚಿನಕುರಳಿಯ ಹತ್ತಿರ ಬಂದಳು. ಅತ್ತು ಅವಳ ಮೂಗು ಕೆಂಪಾಗಿತ್ತು. "ನೀನು ಒಳಗೆ ಹೋಗಿದ್ಯಲ್ಲ. ಅವರು ಸರಿಯಾಗಿ ನೋಡಿದ್ರಾ? ಇಲ್ಲಾ ಸುಮ್ನೆ ಬೇಡ ಅಂದುಬಿಟ್ರಾ?"

ಚಿನಕುರಳಿಯ ಬಾಯ ತುದಿಗೆ ನೂರು ಮಾತು ಬಂದವು. ನೋಡಿದ್ದು ನನ್ನಮ್ಮ. ಹದಿಮೂರು ಮುಚ್ಚಿತ್ತು. ನಾನೇ ಮಧ್ಯೆ ನುಗ್ಗಿ ಲೆಕ್ಕ ತಪ್ಪಿಸಿದೆ. ಎಲ್ಲವನ್ನೂ ನುಂಗಿಕೊಂಡಳು.

"ಎರಡು ಸಲ ಎಣಿಸಿದ್ರು," ಎಂದಳು. "ಮುಖ ತೊಳ್ಕೊಂಡು ಬಂದು ಎಣಿಸಿದ್ರು. ನಾನು ನೋಡ್ದೆ."

ಎರಡು ಜಡೆಯವಳು ಬ್ಯಾಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಆಮೇಲೆ ಹೂಂ ಎಂದು ತಲೆಯಾಡಿಸಿದಳು.

"ನಡಿ ಮಗಳೇ, ರೈಟ್ ರೈಟ್," ಎಂದು ಕಂಡಕ್ಟರ್ ಮೆಲ್ಲಗೆ ಎದ್ದರು. ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು.

ಶೂ ಅಂಗಡಿಯವನು ಡಬ್ಬಿಯನ್ನು ತೆಗೆದೇ ಇಟ್ಟಿದ್ದ. ಚಿನಕುರಳಿ ಎರಡೂ ಕಾಲಿಗೆ ಹಾಕಿಕೊಂಡು ಎದ್ದು ನಿಂತಳು. ಕೆಂಪು ಪಟ್ಟಿ ಲೈಟಿನಲ್ಲಿ ಹೊಳೆಯಿತು. ಅಮ್ಮ ಗೋಡೆಗೆ ತಲೆಯಾನಿಸಿ ಕುರ್ಚಿಯಲ್ಲಿ ಕುಳಿತಿದ್ದಳು. ಕಣ್ಣು ತಾನಾಗಿ ಮುಚ್ಚುತ್ತಿತ್ತು.

"ಆಗ್ಲೇ ನೋಡಿದ್ವಲ್ಲ," ಎಂದಳು ಅಮ್ಮ. "ಸರಿಯಾಗಿದೆ ಅಂದ್ಯಲ್ಲ. ಪ್ಯಾಕ್ ಮಾಡ್ಸೋಣ್ವಾ?"

ಹೂಂ ಎಂದರೆ ಮುಗಿಯಿತು. ಅಂಗಡಿಯವನು ಡಬ್ಬಿಯ ಮುಚ್ಚಳ ಹಿಡಿದು ಕಾಯುತ್ತಿದ್ದ. ಶೂ ಒಳಗೆ ಹೆಬ್ಬೆರಳು ಮಡಿಸಿಕೊಂಡು ಕೂತಿತ್ತು. ಚಿನಕುರಳಿ ಬೆರಳನ್ನು ಮೆಲ್ಲಗೆ ನೇರ ಮಾಡಿದಳು.

"ಅಮ್ಮಾ," ಎಂದಳು. "ಇನ್ನೊಂದ್ಸಲ ಒತ್ತಿ ನೋಡು."