ಮೇಜಿನ ಮೇಲಿಂದ ಮಾಯವಾದ ಊರು

ಬಾಗಿಲು ಬಡಿದ ಸದ್ದಿಗೆ ಸೊಸೆ ಬಂದು ಚಿಲಕ ತೆಗೆಯುತ್ತಲೇ ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಒಳಗೆ ನುಗ್ಗಿದರು. ಮುಖ ಕೆಂಡವಾಗಿತ್ತು.

“ಎಲ್ಲಿ ನಿಮ್ಮತ್ತೆ? ಹನ್ನೊಂದು ವರ್ಷ ನಾನೊಬ್ಬನೇ ಕೂತು ಕಟ್ಟಿದ ರೈಲು! ಹಾಳು ಮಾಡಿಬಿಟ್ಟ, ನನ್ನ ಬಾಮೈದ! ನಾಳೆ ಪತ್ರಿಕೆಯವರು ಫೋಟೋ ತೆಗೆಯೋಕೆ ಬರ್ತಾರೆ. ಪೊಲೀಸರನ್ನ ಕರೆಯೋ ಮುಂಚೆ ಒಂದ್ಸಲ ಬಂದು ನೋಡಿ!”

ಅತ್ತೆ ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವರು. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಮೊದಲು ಅವರಿಗೇ ಕರೆ ಬರುತ್ತಿತ್ತು. ಸೊಸೆ ಚಪ್ಪಲಿ ಮೆಟ್ಟಿ ಅವರ ಹಿಂದೆ ಹೊರಡುವುದೂ ರೂಢಿಯಾಗಿಹೋಗಿತ್ತು.

ಮೇಷ್ಟ್ರ ಮುಂಗೋಣೆಯನ್ನು ಒಂದೇ ಮೇಜು ನುಂಗಿತ್ತು. ಎರಡು ಸಲ ಬಿಚ್ಚಿ, ಮೂರನೇ ಸಲ ಕಟ್ಟಿದ ಮಾದರಿ ರೈಲುಮಾರ್ಗ ಅದರ ಮೇಲೆ. ಹಳಿಗಳಿದ್ದವು, ಮೇಷ್ಟ್ರು ಬಣ್ಣ ಬಳಿದ ಗುಡ್ಡವಿತ್ತು. ಪುಟ್ಟ ಮನೆಗಳು, ಬೀದಿದೀಪ, ಸಿಗ್ನಲ್ ಕಂಬ, ಮೇಜಿನಡಿಯ ತಂತಿ ಒಂದೂ ಇರಲಿಲ್ಲ.

ಬಾಮೈದ ಗೋಡೆಗೊರಗಿ ಹಲ್ಲು ಕಡಿಯುತ್ತಿದ್ದ. “ಮನೆ ತುಂಬ ರೈಲೇ, ಅಕ್ಕನಿಗೆ ಕೂರೋಕೆ ಜಾಗ ಇಲ್ಲ ಅಂತ ನಿನ್ನೆ ಕೂಗಾಡಿದ್ದು ನಿಜ. ಮುಟ್ಟಿಲ್ಲ ಭಾವ.”

“ಸುಳ್ಳು! ಸಿಟ್ಟಲ್ಲಿ ಕಿತ್ತುಹಾಕಿದೀಯ!”

ಅತ್ತೆ ಮೊಣಕಾಲೂರಿ ಮೇಜಿನಡಿ ಬಗ್ಗಿದರು. ಸೊಸೆ ಟಾರ್ಚ್ ಹಿಡಿದಳು. ಹಳಿಯಡಿಯ ಬೆಸುಗೆಗಳು ನುಣ್ಣಗೆ ಕರಗಿ ಆರಿದ್ದವು. ತುಂಡಾದ ತಂತಿಯ ಚೂರು ಎಲ್ಲೂ ಸಿಗಲಿಲ್ಲ. ಮನೆಗಳಿದ್ದ ಜಾಗದಲ್ಲಿ ಅಂಟನ್ನೂ ಒರೆಸಿ ತೆಗೆಯಲಾಗಿತ್ತು.

“ಒಂದೊಂದು ಸಿಗ್ನಲ್ಲಿಗೆ ಎಷ್ಟು ತಂತಿ, ಮೇಷ್ಟ್ರೇ?”

“ಎರಡು... ಅಲ್ಲ, ನಾಲ್ಕಿರಬೇಕು. ಅದೆಲ್ಲ ಈಗ್ಯಾಕೆ?”

“ಮೂರು,” ಎಂದು ಬಾಗಿಲ ಬಳಿಯಿಂದ ಒರಟು ದನಿ ಬಂತು. ಮೇಷ್ಟ್ರ ಹೆಂಡತಿ ನಿಂತಿದ್ದರು. ಅವರ ಬೆರಳ ತುದಿಗಳಲ್ಲಿ ಸುಟ್ಟ ಕಲೆಗಳನ್ನು ಸೊಸೆ ಕಂಡಳು.

ಅತ್ತೆ ಎದ್ದು ಎಲ್ಲರನ್ನೂ ಮೇಜಿನ ಸುತ್ತ ಕರೆದರು. “ಸಿಟ್ಟಲ್ಲಿ ಕೀಳೋನು ಎಳೀತಾನೆ, ಮುರೀತಾನೆ. ಇಲ್ಲಿ ಒಂದೊಂದು ಬೆಸುಗೆನೂ ಕಾಯಿಸಿ ಬಿಡಿಸಿದಾರೆ. ಪಳಗಿದ ಕೈ ಅದು. ಮೇಷ್ಟ್ರಿಗೆ ತಂತಿ ಎಷ್ಟು ಅಂತಾನೇ ಗೊತ್ತಿಲ್ಲ, ಬೆಸೆದೋರು ಅವರಲ್ಲ. ಅವರು ಮಾಡಿದ ಗುಡ್ಡ, ಹಳಿಗೆ ಒಂದು ಗೀರೂ ಬಿದ್ದಿಲ್ಲ. ಹೋಗಿರೋದೆಲ್ಲ ಇನ್ನೊಬ್ಬರ ಕೈಕೆಲಸ. ಮೂರು ಅಂತ ತಟ್ಟನೆ ಹೇಳಿದೋರ ಬೆರಳು ನೋಡಿ.”

“ಹೌದು, ನಾನೇ!” ಮೇಷ್ಟ್ರ ಹೆಂಡತಿ ಸಿಡಿದರು. “ಈ ಮೇಜಿನಡಿ ಅಂಗಾತ ಮಲಗಿ ಮೂರು ಸಲ ಬೆಸೆದೆ. ಮನೆಗಳಿಗೆ ಕಿಟಕಿ ಕೊರೆದೆ. ಪತ್ರಿಕೆಯವರಿಗೆ ಫೋನಲ್ಲಿ ಏನಂದ್ರಿ? ‘ಎಲ್ಲ ನಾನೊಬ್ಬನೇ ಮಾಡಿದ್ದು, ಹೆಂಡತಿ ಕಾಫಿ ಕೊಡ್ತಾಳೆ!’ ನಾನು ಪಕ್ಕದಲ್ಲೇ ನಿಂತಿದ್ದೆ ಕಣ್ರೀ!”

“ಏನೋ ಮಾತಿಗೆ ಹಾಗಂದೆ...”

ಸೊಸೆಗೆ ಮೈ ಉರಿಯಿತು. “ಮಾತಿಗಾ? ಇವರ ತಮ್ಮನ್ನ ಪೊಲೀಸರಿಗೆ ಹಿಡಿದುಕೊಡೋಕೂ ಹೊರಟಿದ್ರಲ್ಲ ಮೇಷ್ಟ್ರೇ!”

ಮೇಷ್ಟ್ರು ಅತ್ತೆಯ ಕಡೆ ತಿರುಗಿದರು. “ನೀವಾದ್ರೂ ವಾಪಸ್ ಕೊಡು ಅಂತ ಹೇಳಿ.”

“ಯಾಕೆ ಹೇಳಲಿ? ಅವರದ್ದನ್ನ ಅವರು ತಗೊಂಡಿದಾರೆ.”

ಮೇಷ್ಟ್ರ ಹೆಂಡತಿ ಒಳಗಿನಿಂದ ಪುಟ್ಟ ಮನೆ, ಕಂಬ, ತಂತಿ ತುಂಬಿದ್ದ ಒಂದು ಟ್ರಂಕು ಎಳೆದು ತಂದರು. ಅವರ ತಮ್ಮ ಬಂದು ಇನ್ನೊಂದು ತುದಿ ಹಿಡಿದ.

“ನಿಮ್ಮನೇಲಿ ಖಾಲಿ ಕೋಣೆ ಇದೆಯೇನಮ್ಮ?” ಎಂದು ಮೇಷ್ಟ್ರ ಹೆಂಡತಿ ಸೊಸೆಯನ್ನು ಕೇಳಿದರು.

ಸೊಸೆ ಅತ್ತೆಯ ಮುಖ ನೋಡಲಿಲ್ಲ. “ಇದೆ ಅಕ್ಕ,” ಎಂದಳು. “ಗೋಡೇಲಿ ಎರಡು ಪ್ಲಗ್ಗೂ ಇದೆ.”