ಒರೆಸದ ಪಿನ್ನು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ಅಳಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, "ನಮ್ಮ ಯಜಮಾನ್ರು ಕುಡಿದು ಕೆಲಸಕ್ಕೆ ಬಂದಿದ್ರು ಅಂತ ಫ್ಯಾಕ್ಟರಿಯವ್ರು ಹೇಳ್ತಿದಾರೆ. ಅವ್ರು ಜನ್ಮದಲ್ಲಿ ಕುಡಿದವ್ರಲ್ಲ ಸಾರ್. ಸತ್ತವ್ರು ಎದ್ದು ಬಂದು ಅಲ್ಲ ಅನ್ನಲ್ಲವಲ್ಲ," ಎಂದಳು.

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಶನಿವಾರ ಸಂಜೆ ಕ್ರೇನಿನ ಕೊಕ್ಕೆ ಕಳಚಿ, ಅದಕ್ಕೆ ತೂಗುಹಾಕಿದ್ದ ಕಬ್ಬಿಣದ ಅಚ್ಚು ಅವಳ ಗಂಡನ ಮೇಲೆ ಬಿದ್ದಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಮದ್ಯದ ಸುಳಿವೇ ಇರಲಿಲ್ಲ. ಸತ್ತವನ ತಲೆಗೆ ತಪ್ಪು ಕಟ್ಟಿ ಕೈತೊಳೆದುಕೊಳ್ಳುವವರನ್ನು ಸರ್ವೀಸಿನಲ್ಲಿ ಬೇಕಾದಷ್ಟು ನೋಡಿದ್ದ ಅವರು ಕೂಡಲೇ ಫ್ಯಾಕ್ಟರಿಗೆ ಹೊರಟರು.

ಸ್ಥಳ ಪಂಚನಾಮೆ ವೇಳೆ ಕ್ರೇನಿನ ಕೆಳಗೆ ಹೆಬ್ಬೆರಳು ಗಾತ್ರದ ದುಂಡನೆಯ ಉಕ್ಕಿನ ಪಿನ್ನು ಸಿಕ್ಕಿತು. ಮುರಿದಿರಲಿಲ್ಲ, ಬಾಗಿರಲಿಲ್ಲ. ಕೊಕ್ಕೆಯನ್ನು ಹಿಡಿದಿಡಲು ತೂತಿನಲ್ಲಿ ಬಿಗಿಯಾಗಿ ಕೂರಬೇಕಾದದ್ದು ಜಾರಿ ಬಂದಿತ್ತು. ಮೇಲೆ, ಅದನ್ನು ಕಡೆದ ನಾಲ್ಕನೇ ಲೇತಿನ ಗುರುತಿತ್ತು.

"ಸಣ್ಣ ಆಗಿರ್ಬೇಕು ಸಾರ್," ಎಂದ ಹೆಡ್ ಕಾನ್ಸ್‌ಟೇಬಲ್. ಅವನನ್ನು ಠಾಣೆಯವರೆಲ್ಲ ಗೊಣಗಪ್ಪ ಎಂದೇ ಕರೆಯುತ್ತಿದ್ದರು.

"ಸಾಧ್ಯವೇ ಇಲ್ಲ," ಎಂದ ಮ್ಯಾನೇಜರು. "ಇಲ್ಲೇ ಮಾಡಿ, ಇಲ್ಲೇ ಅಳೆದು ಪಾಸ್ ಮಾಡಿದ್ದು. ಅಳೆಯೋದು ಬೆಳಕಿನ ಯಂತ್ರ, ನಮ್ಮ ನಿಮ್ಮ ಕಣ್ಣಿನ ಹಾಗಲ್ಲ."

ಅಳತೆ ಕೋಣೆಗೆ ಕಿಟಕಿ ಇರಲಿಲ್ಲ, ಏಸಿಯ ಚಳಿ ಕೊರೆಯುತ್ತಿತ್ತು. ಯಂತ್ರದ ಒಂದು ಕಡೆ ದೀಪ, ಇನ್ನೊಂದು ಕಡೆ ಕ್ಯಾಮೆರಾ. ನಡುವೆ ಪಿನ್ನು ಇಟ್ಟರೆ ಅದರ ನೆರಳಿನ ಅಗಲ ಪರದೆಯ ಮೇಲೆ ಅಂಕಿಯಾಗಿ ಮೂಡುತ್ತಿತ್ತು. ಯಂತ್ರ ನೋಡಿಕೊಳ್ಳುವ ಹುಡುಗಿ ಸ್ವೆಟರಿನ ತೋಳು ಎಳೆದುಕೊಂಡು ನಿಂತಿದ್ದಳು.

"ಪ್ರತಿ ಲೇತಿಂದು ಒಂದೊಂದು ಅಳೆದು ತೋರಿಸಮ್ಮ," ಎಂದರು ಇನ್ಸ್‌ಪೆಕ್ಟರ್.

ಅವಳು ಎಣ್ಣೆ ಮೆತ್ತಿದ ಪಿನ್ನನ್ನು ಬಟ್ಟೆಯಿಂದ ಒರೆಸಿ ಇಟ್ಟಳು. ಹಸಿರು ದೀಪ ಹತ್ತಿತು, ಪಾಸ್. ಇನ್ನೊಂದನ್ನು ಒರೆಸಿದಳು, ಮತ್ತೊಂದನ್ನೂ ಒರೆಸಿದಳು. ನಾಲ್ಕನೇ ಲೇತಿನದನ್ನು ತಟ್ಟೆಯಿಂದ ಎತ್ತಿ ಹಾಗೇ ಇಟ್ಟಳು. ಅದಕ್ಕೂ ಹಸಿರು.

"ಇದನ್ಯಾಕೆ ಒರೆಸಲಿಲ್ಲ?"

"ಮರೆತೆ ಸಾರ್."

"ಈಗ ಒರೆಸು."

ಬಟ್ಟೆ ಹಿಡಿದ ಕೈ ಮೇಲೇಳಲಿಲ್ಲ. ಗೊಣಗಪ್ಪ ಬಾಯಲ್ಲೇ ಏನೋ ಗೊಣಗುತ್ತ ತಾನೇ ಒರೆಸಿ ಇಟ್ಟ. ಅಂಕಿ ಇಳಿದು ಕೆಂಪು ದೀಪ ಹತ್ತಿತು. ಅಲ್ಲಿಯವರೆಗೆ ಯಂತ್ರ ಎಣ್ಣೆಯ ನೆರಳನ್ನೂ ಸೇರಿಸಿ ಅಳೆದಿತ್ತು. ಪಂಚರ ಎದುರು ಕ್ರೇನಿನ ಪಿನ್ನನ್ನೂ ಒರೆಸಿ ಇಟ್ಟರು. ಅದಕ್ಕೂ ಕೆಂಪೇ. ಕಡಿಮೆಯಿದ್ದದ್ದು ಕೂದಲೆಳೆಯ ಕಾಲುಭಾಗ.

"ನಾಲ್ಕನೇ ಲೇತು ಯಾರದು?"

"ನಮ್ಮಪ್ಪಂದು."

"ಅವರು ಹೇಳಿ ಮಾಡಿಸಿದ್ರಾ?"

"ಅಯ್ಯೋ, ಅವ್ರಿಗೆ ಗೊತ್ತೇ ಇಲ್ಲ. ಕಣ್ಣು ಮಂಜಾಗಿದೆ ಸಾರ್, ಹೇಳಿದ್ರೆ ಒಪ್ಪಲ್ಲ. ಅಮ್ಮ ಹೋದ್ಮೇಲೆ ಅವ್ರಿಗೆ ಅಂತ ಇರೋದು ಆ ಲೇತೊಂದೇ. ಪಿನ್ನು ವಾಪಸ್ ಬರೋಕೆ ಶುರುವಾದ್ರೆ ಮನೇಲಿ ಕೂರಿಸ್ತಾರೆ. ಇಷ್ಟೇ ಇಷ್ಟಕ್ಕೆ ಏನಾಗುತ್ತೆ ಅಂದ್ಕೊಂಡೆ."

"ಏನಾಯ್ತು ಅಂತ ನೋಡಿದ್ಯಲ್ಲ."

ಅವಳು ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡಳು. ಮಧ್ಯಾಹ್ನ ಮೂರಕ್ಕೆ ಮಹಿಳಾ ಕಾನ್ಸ್‌ಟೇಬಲ್ ಅವಳನ್ನು ದಸ್ತಗಿರಿ ಮಾಡಿದಳು.

ಬೆಳಿಗ್ಗೆ ದೂರು ಕೊಟ್ಟ ಹೆಂಗಸು ಸಂಜೆ ಮತ್ತೆ ಠಾಣೆಗೆ ಬಂದಳು. ಅವಳ ಗಂಡ ಕುಡಿದಿರಲಿಲ್ಲವೆಂದು ದಾಖಲಾಗಿದೆ, ತಪ್ಪು ಪಿನ್ನಿನದು ಎಂದು ಇನ್ಸ್‌ಪೆಕ್ಟರ್ ತಿಳಿಸಿದರು. ಅವಳು ಬೆಂಚಿನ ಮೇಲೆ ಕೂತು ಆಗ ಅತ್ತಳು.

ಅಷ್ಟರಲ್ಲಿ ಮುದುಕನೊಬ್ಬ ಗೋಡೆ ತಡವುತ್ತ ಒಳಬಂದ. ಎಡವಿದವನನ್ನು ಅವಳೇ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನನ್ನ ಮಗಳನ್ನ ಯಾಕೆ ಕರ್ಕೊಂಡು ಬಂದ್ರಿ ಸಾರ್? ನನ್ನ ಪಿನ್ನು ಒಂದೂ ವಾಪಸ್ ಬಂದಿಲ್ಲ. ಯಾರನ್ನ ಬೇಕಾದ್ರೂ ಕೇಳಿ."

ಹೇಳದೆ ವಿಧಿಯಿರಲಿಲ್ಲ. ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೇಳಿದರು.

ಮುದುಕ ಬೆರಳ ತುದಿಗಳನ್ನು ಪಂಚೆಗೆ ಒರೆಸಿಕೊಂಡ. "ಒರೆಸದೆ ಅಳೀಬಾರದು ಅಂತ ಅವಳಿಗೆ ಕಲಿಸಿದ್ದೇ ನಾನು," ಎಂದ. ಆಮೇಲೆ ಅಳುವ ಸದ್ದಿಗೆ ಪಕ್ಕಕ್ಕೆ ತಿರುಗಿ, "ನೀನ್ಯಾರಮ್ಮ? ನಿಂಗೇನಾಗಿದೆ?" ಎಂದು ಕೇಳಿದ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.